ವೈದ್ಯಕೀಯ ಗಾಂಜಾ: ಕಾಸರಗೋಡಿನ ರೋಗಿಗೆ ಮದ್ದಿನ ಕೌಂಟರ್ ಹೇಗಿರಬೇಕು?

ಗಡಿನಾಡ_ಕನ್ನಡಿಗ
ಗಾಂಜಾ ಮೂಲದ ಮದ್ದು ಅಗತ್ಯ ಇರುವ ರೋಗಿಗಳಿಗೆ ಕಾನೂನಿನ ಒಳಗೇ ಸಿಗಬೇಕು ಎಂದು ಒಂದು ಮನವಿಯ ಕರಡು ತಯಾರಾಗ್ತಾ ಉಂಟು. ಸದ್ಯಕ್ಕೆ ಅದರಲ್ಲಿ ಇರುವುದು ಒಂದೇ ವಾಕ್ಯ: "ಪ್ರತಿ ತಾಲೂಕಿಗೊಂದು ಪರವಾನಗಿ ಪಡೆದ ಮಳಿಗೆ ಬೇಕು." ಇಷ್ಟು ಸಾಲದು ಎಂದು ಗೊತ್ತುಂಟು. ಯಾವ ಮದ್ದು, ಯಾರು ಬರೆದುಕೊಡಬೇಕು, ಎಲ್ಲಿ ಇಡಬೇಕು, ಲೆಕ್ಕ ಹೇಗೆ, ಮಂಗಳೂರಿನ ಚೀಟಿ ಇಲ್ಲಿ ನಡೆಯುತ್ತದಾ, ಇಷ್ಟಕ್ಕೆ ವಿಷಯ ಬಲ್ಲವರು ಬರೆಯಿರಿ. ಮೋಜಿಗೆ ಸೇದುವವರಿಗೆ ಅನುಮತಿ ಕೊಡಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ಅದಕ್ಕೆ ಬೇರೆ ಜಾಗ ಉಂಟು.

ಕೋರ್ಟುರಸ್ತೆ
ಮೊದಲು ಕಾನೂನು ಈಗ ಎಲ್ಲಿ ನಿಂತಿದೆ ನೋಡಿ. 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಅಂಟು ತೆಗೆದರೆ ಚರಸ್. ಎಲೆಯಿಂದ ಮಾಡುವ ಭಂಗಿ ಎನ್‌ಡಿಪಿಎಸ್ ಅಡಿ ನಿಷಿದ್ಧವಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದ್ದು ಇದೇ ಆಧಾರದಲ್ಲಿ. ಎಲೆ ಹೊರಗೆ ಉಳಿಯಿತು ಎಂದು ಹಿತ್ತಿಲಲ್ಲಿ ಗಿಡ ನೆಡಬೇಡಿ. ಯಾವ ಗಾಂಜಾ ಗಿಡ ಬೆಳೆಸಿದರೂ 8ನೇ ಕಲಮಿನ ಉಲ್ಲಂಘನೆ, 20ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಕಠಿಣ ಜೈಲು.

ಅದೇ 8ನೇ ಕಲಮಿನಲ್ಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ವಿನಾಯಿತಿ ಇದೆ. 10ನೇ ಕಲಮು ಚರಸ್ ಬಿಟ್ಟು ಉಳಿದ ಗಾಂಜಾದ ಬೆಳೆ, ಸಾಗಾಟ, ಅಂತರರಾಜ್ಯ ಆಮದು ರಫ್ತು, ಮಾರಾಟ, ಬಳಕೆ ಇದಕ್ಕೆಲ್ಲ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಆದ್ದರಿಂದ "ಸಂಸತ್ತು ಕಾಯ್ದೆ ತಿದ್ದುವವರೆಗೆ ಏನೂ ಆಗದು" ಎನ್ನುವುದು ಪೂರ್ತಿ ಸರಿಯಲ್ಲ. ರಾಜ್ಯದ ಕೈಯಲ್ಲಿ ಇಲ್ಲದ್ದು ಎರಡು. ಹೊಸ ಔಷಧಕ್ಕೆ ಕೇಂದ್ರ ಔಷಧ ನಿಯಂತ್ರಕರ ಒಪ್ಪಿಗೆ ಬೇಕು. ಟಿಎಚ್‌ಸಿ (ಗಾಂಜಾದ ನಶೆ ಏರಿಸುವ ಅಂಶ) ಪ್ರತ್ಯೇಕವಾಗಿ ಮನೋಪ್ರಭಾವಿ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಅದರ ನಿಯಂತ್ರಣವೂ ಕೇಂದ್ರದ್ದೇ. ಮನವಿಯನ್ನು ತಿರುವನಂತಪುರಕ್ಕೆ ಮಾತ್ರ ಕಳಿಸಿದರೆ "ನಮ್ಮ ವ್ಯಾಪ್ತಿಯಲ್ಲಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಎರಡು ಕಡೆಗೂ ಬೇರೆ ಬೇರೆ ಬೇಡಿಕೆ ಬರೆಯಿರಿ.

ಅಡಿಕೆತೋಟ
ಹಾಗಾದರೆ 1 ಕೆ.ಜಿ.ಯೊಳಗೆ ಇಟ್ಟುಕೊಂಡರೆ ಕೇಸಿಲ್ಲ ಎಂದು ಜನ ಹೇಳುವುದು?

ಕೋರ್ಟುರಸ್ತೆ
ಸುಳ್ಳು. 1 ಕೆ.ಜಿ.ವರೆಗೆ "ಅಲ್ಪ ಪ್ರಮಾಣ", 20 ಕೆ.ಜಿ. ದಾಟಿದರೆ "ವಾಣಿಜ್ಯ ಪ್ರಮಾಣ". ಅದರಿಂದ ಶಿಕ್ಷೆ ಎಷ್ಟು ಎಂಬುದು ಬದಲಾಗುತ್ತದೆ, ಕೇಸು ಹೋಗುವುದಿಲ್ಲ. ಅಲ್ಪ ಪ್ರಮಾಣಕ್ಕೂ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇನ್ನೊಂದು ಸೂಕ್ಷ್ಮ ಉಂಟು: 2020ರ ಹೀರಾ ಸಿಂಗ್ ತೀರ್ಪಿನ ನಂತರ ಮಿಶ್ರಣದ ತೂಕ ಲೆಕ್ಕ ಹಾಕುವಾಗ ಅದರಲ್ಲಿ ಸೇರಿಸಿದ ತಟಸ್ಥ ವಸ್ತುವಿನ ತೂಕವೂ ಸೇರುತ್ತದೆ. ಎಣ್ಣೆಯಲ್ಲಿ ಕರಗಿಸಿದ ಮದ್ದು ಎಂದರೆ ಎಣ್ಣೆಯ ತೂಕವೂ ನಿಮ್ಮ ತಲೆ ಮೇಲೆ. ಯೂಟ್ಯೂಬ್ ನೋಡಿ ಮನೆಯಲ್ಲಿ ತೆಂಗಿನೆಣ್ಣೆಗೆ ಹೂ ಹಾಕಿ ಕಾಯಿಸುವವರು ಇದನ್ನು ತಿಳಿದಿರಲಿ.

ವೈದ್ಯಶಾಲೆ_ಮುಳ್ಳೇರಿಯ
ಎಲೆಯ ಮದ್ದು ಹೊಸದಲ್ಲ. ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಲ್ಲಿ ಉಂಟು, ಜಾತೀಫಲಾದಿ ಚೂರ್ಣದಲ್ಲಿ ಅದು ಬೀಳುತ್ತದೆ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಆದ್ದರಿಂದ ಲೇಬಲಿನ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆಯುಷ್ ಪರವಾನಗಿ ಇರುವ ಕಂಪನಿಗಳು ಈಗ ಎಲೆಯ ಸಾರವನ್ನು ಎಣ್ಣೆಯಲ್ಲಿ ಕೊಡುತ್ತಿವೆ. ಹಾಗಿರುವಾಗ ಹೊಸ ಮಳಿಗೆ ಎಂತಕ್ಕೆ? ಇರುವ ದಾರಿಯನ್ನೇ ಗಟ್ಟಿ ಮಾಡಿದರೆ ಸಾಕಲ್ಲ.

ಫಾರ್ಮಸಿ_ಪೆರ್ಲ
ವೈದ್ಯರೇ, ದಾರಿ ಇದೆ ಎನ್ನುವುದು ಸರಿ. ಆದರೆ ಆ ದಾರಿಯಲ್ಲಿ ಬರುವ ಬಾಟಲಿಯ ಲೆಕ್ಕ ನೋಡಿ. "30 ಮಿ.ಲೀ., 1000 ಮಿ.ಗ್ರಾಂ ಸಾರ" ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಸಾರ 1000 ಮಿ.ಗ್ರಾಂ ಎಂದರೆ ಸಿಬಿಡಿ (ಗಾಂಜಾದ ನಶೆ ಏರಿಸದ, ಫಿಟ್ಸಿಗೆ ಮದ್ದಾಗುವ ಅಂಶ) 1000 ಮಿ.ಗ್ರಾಂ ಅಲ್ಲ. ಸಾರದಲ್ಲಿ ಮೇಣ, ಪತ್ರಹರಿತ್ತು, ಟಿಎಚ್‌ಸಿ ಎಲ್ಲ ಇರುತ್ತದೆ.

ಈಗ ಅಪಸ್ಮಾರದ ಮಗು ತೆಗೆದುಕೊಳ್ಳಿ, ತೂಕ 15 ಕೆ.ಜಿ. ಸಿಬಿಡಿಗೆ ಸರಿಯಾದ ಪುರಾವೆ ಇರುವುದು ಎಪಿಡಿಯೊಲೆಕ್ಸ್ ಎಂಬ ಶುದ್ಧ ದ್ರಾವಣದ ಮೇಲೆ. ಅಮೆರಿಕದಲ್ಲಿ 2018ರ ಜೂನಿನಲ್ಲಿ ಲೆನಾಕ್ಸ್-ಗ್ಯಾಸ್ಟೊ ಮತ್ತು ಡ್ರಾವೆ ಎಂಬ ಎರಡು ಕಠಿಣ ಅಪಸ್ಮಾರಗಳಿಗೆ ಒಪ್ಪಿಗೆ ಸಿಕ್ಕಿತು, 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಫಿಟ್ಸೂ ಸೇರಿತು. ಮಿ.ಲೀ.ಗೆ 100 ಮಿ.ಗ್ರಾಂ. ಮೊದಲ ಎರಡು ಕಾಯಿಲೆಗೆ ಆರಂಭ ಕೆ.ಜಿ.ಗೆ 2.5 ಮಿ.ಗ್ರಾಂ, ದಿನಕ್ಕೆ ಎರಡು ಸಲ. ವಾರ ಕಳೆದು 5 ಮಿ.ಗ್ರಾಂ ಎರಡು ಸಲ. ಬೇಕಾದರೆ ನಿಧಾನಕ್ಕೆ ಏರಿಸುತ್ತಾ ಗರಿಷ್ಠ 10 ಮಿ.ಗ್ರಾಂ ಎರಡು ಸಲ. 15 ಕೆ.ಜಿ. ಮಗುವಿಗೆ ಆರಂಭದಲ್ಲಿ ಒಂದು ಹೊತ್ತಿಗೆ 37.5 ಮಿ.ಗ್ರಾಂ, ಅಂದರೆ 0.375 ಮಿ.ಲೀ. ಎರಡನೇ ವಾರದಿಂದ ದಿನಕ್ಕೆ ಒಟ್ಟು 150 ಮಿ.ಗ್ರಾಂ.

ಆ 30 ಮಿ.ಲೀ. ಬಾಟಲಿಯ ಸಾರ ಪೂರ್ತಿ ಸಿಬಿಡಿಯೇ ಎಂದುಕೊಂಡರೂ 150 ಮಿ.ಗ್ರಾಂಗೆ ದಿನಕ್ಕೆ 4.5 ಮಿ.ಲೀ. ಬೇಕು. ವಾರದೊಳಗೆ ಬಾಟಲಿ ಖಾಲಿ. ಸಾರದ ಶೇ. 40 ಮಾತ್ರ ಸಿಬಿಡಿ ಆಗಿದ್ದರೆ ಮೂರು ದಿನವೂ ಬರುವುದಿಲ್ಲ, ಜೊತೆಗೆ ಎಷ್ಟು ಟಿಎಚ್‌ಸಿ ಮಗುವಿನ ಹೊಟ್ಟೆಗೆ ಹೋಯಿತು ಎಂದು ಯಾರಿಗೂ ತಿಳಿಯದು. ಮನೆಯವರು ಮಾಡುವುದು ದಿನಕ್ಕೆ ಐದು ಹನಿ ಎರಡು ಹೊತ್ತು. 20 ಹನಿಗೆ ಒಂದು ಮಿ.ಲೀ. ಎಂದು ಹಿಡಿದರೆ ಅದು ಅರ್ಧ ಮಿ.ಲೀ., ಹೆಚ್ಚೆಂದರೆ 17 ಮಿ.ಗ್ರಾಂ. "ಗಾಂಜಾ ಎಣ್ಣೆ ಕೊಟ್ಟು ನೋಡಿದೆವು, ಪ್ರಯೋಜನ ಇಲ್ಲ" ಎಂಬ ಮಾತು ಹುಟ್ಟುವುದು ಇಲ್ಲಿಂದ.

ಪಾಲಿಯೇಟಿವ್_ಸಿಸ್ಟರ್
ಇದಕ್ಕಿಂತ ದೊಡ್ಡ ಅಪಾಯ ಬೇರೆ ಉಂಟು. ಫಿಟ್ಸಿನ ಮಾತ್ರೆ ಬರೆಯುವವರು ಮಂಗಳೂರಿನ ನರರೋಗ ತಜ್ಞರು. ವಿಜಯಾ ಬರೆಯುವವರು ಬೇರೆ ಆಯುರ್ವೇದ ಡಾಕ್ಟ್ರು, ಅದೂ ಕೆಲವು ಸಲ ಫೋನಿನಲ್ಲಿ. ಇವರ ಚೀಟಿ ಅವರು ನೋಡುವುದಿಲ್ಲ. ಮಗು ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಸಿಬಿಡಿ ಜೊತೆಗೆ ಯಕೃತ್ತಿನ ಕಿಣ್ವಗಳು ಏರಬಹುದು. ಫಿಟ್ಸಿನ ಇನ್ನೊಂದು ಮಾತ್ರೆ ಕ್ಲೊಬಜಾಮ್ ಇದ್ದರೆ ಅದರ ಸಕ್ರಿಯ ರೂಪ ರಕ್ತದಲ್ಲಿ ಮೂರು ಪಟ್ಟಿನಷ್ಟಾಗುತ್ತದೆ. ಮಗು ದಿನವಿಡೀ ತೂಕಡಿಸುತ್ತದೆ, ಜೊಲ್ಲು ಸುರಿಯುತ್ತದೆ, ಗಂಜಿ ನೆತ್ತಿಗೇರುತ್ತದೆ. "ಫಿಟ್ಸ್ ಕಡಿಮೆ ಆಯಿತು, ಮಲಗಿಕೊಂಡೇ ಉಂಟು" ಎಂದು ಮನೆಯವರು ಸಮಾಧಾನ ಪಡುತ್ತಾರೆ. ಅದು ಗುಣ ಅಲ್ಲ, ಕ್ಲೊಬಜಾಮ್ ಹೆಚ್ಚಾದದ್ದು.

ಸಿಬಿಡಿ ಶುರು ಮಾಡುವ ಮುಂಚೆ ಎಎಲ್‌ಟಿ, ಎಎಸ್‌ಟಿ, ಬಿಲಿರುಬಿನ್ ಎಂಬ ಯಕೃತ್ತಿನ ರಕ್ತಪರೀಕ್ಷೆಗಳನ್ನು ನೋಡಬೇಕು. ಮತ್ತೆ ಒಂದು, ಮೂರು, ಆರು ತಿಂಗಳಿಗೆ. ವಾಲ್‌ಪ್ರೊಯೇಟ್ ಇದ್ದವರಿಗೆ ಇನ್ನೂ ಬೇಗ ಬೇಗ. ಈ ರಕ್ತಪರೀಕ್ಷೆಯ ವರದಿ ಕೈಯಲ್ಲಿ ಇಲ್ಲದೆ ಎರಡನೇ ಬಾಟಲಿ ಕೊಡಬಾರದು ಎಂಬ ಒಂದೇ ನಿಯಮ ಬಂದರೂ ಅರ್ಧ ಅನಾಹುತ ತಪ್ಪುತ್ತದೆ.

ಊಟದ್ದೂ ಹೇಳಿಬಿಡುತ್ತೇನೆ. ಕೊಬ್ಬಿನ ಊಟದ ಜೊತೆ ಕುಡಿದರೆ ಸಿಬಿಡಿ ರಕ್ತಕ್ಕೆ ಸೇರುವುದು ನಾಲ್ಕು ಪಟ್ಟು ಆಗಬಹುದು. ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಇನ್ನೊಂದು ದಿನ ಕಾಯಿಹಾಲಿನ ಪಾಯಸದ ಮೇಲೆ ಕೊಟ್ಟರೆ ಅಳತೆ ಒಂದೇ, ಮದ್ದು ಎರಡು ತರ. ಯಾವಾಗಲೂ ಒಂದೇ ರೀತಿಯ ಊಟದ ಜೊತೆ ಕೊಡಿ.

ಅಡಿಕೆತೋಟ
ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮಕ್ಕಳಿಗೆ ಫಿಟ್ಸ್ ಇರುವುದು ಎಲ್ಲರಿಗೂ ಗೊತ್ತು. ಇವರಿಗೆಲ್ಲ ಇದು ಆಗುತ್ತದಾ ಇಲ್ಲವಾ, ನೇರ ಹೇಳಿ ಮಾರಾಯ್ರೆ.

ಪಾಲಿಯೇಟಿವ್_ಸಿಸ್ಟರ್
ನೇರ ಉತ್ತರ: ಒಪ್ಪಿಗೆ ಇರುವುದು ಮೇಲೆ ಹೇಳಿದ ಮೂರು ಕಾಯಿಲೆಗೆ. ಮಿದುಳಿಗೆ ಹಾನಿಯಾಗಿ ಬರುವ ಎಲ್ಲ ಫಿಟ್ಸಿಗೂ ಅಲ್ಲ. ಕೊಡಬಾರದು ಎಂದೂ ಅಲ್ಲ. ಎರಡು ಮೂರು ಮದ್ದಿಗೆ ಬಗ್ಗದ ಫಿಟ್ಸ್ ಆಗಿದ್ದರೆ ತಜ್ಞರು ತೂಗಿ ನೋಡಬಹುದು. ಆದರೆ ಮನವಿಯಲ್ಲಿ "ಎಂಡೋಸಲ್ಫಾನ್ ಮಕ್ಕಳಿಗೆ ಗಾಂಜಾ ಎಣ್ಣೆ" ಎಂದು ಬರೆಯಬೇಡಿ. 2000ದವರೆಗೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದನ್ನು ಉಸಿರಾಡಿದ ಊರುಗಳು ಅವು. ಪುರಾವೆ ಇಲ್ಲದ್ದನ್ನು ಮತ್ತೆ ಅವರ ಮೇಲೆಯೇ ಪ್ರಯೋಗ ಮಾಡುವ ಹಾಗೆ ಕೇಳಿಸುತ್ತದೆ.

ಇನ್ನು ನಿಲ್ಲಿಸುವ ನಿಯಮವೂ ಬೇಕು. ಬ್ರಿಟನ್ನಿನಲ್ಲಿ ಸಿಬಿಡಿಯನ್ನು ಕ್ಲೊಬಜಾಮ್ ಜೊತೆ ಕೊಡುವಾಗ ಆರು ತಿಂಗಳಿಗೊಮ್ಮೆ ಫಿಟ್ಸಿನ ಎಣಿಕೆ ನೋಡುತ್ತಾರೆ, ಶೇ. 30 ಆದರೂ ಇಳಿಯದಿದ್ದರೆ ನಿಲ್ಲಿಸುತ್ತಾರೆ. ಎಣಿಕೆಗೆ ಮನೆಯ ಗೋಡೆಯ ಕ್ಯಾಲೆಂಡರ್ ಸಾಕು: ಬಿದ್ದ ಫಿಟ್ಸಿಗೆ ಒಂದು ಗುರುತು, ನಡುಗಿದ್ದಕ್ಕೆ ಬೇರೆ ಗುರುತು. ಮದ್ದು ಶುರು ಮಾಡುವ ಮುಂಚಿನ ಒಂದು ತಿಂಗಳ ಎಣಿಕೆ ಇರಲೇಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು? ನಿಲ್ಲಿಸುವಾಗ ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು.

ಗಡಿನಾಡ_ಕನ್ನಡಿಗ
ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ "ಹೆಂಪ್ ಎಣ್ಣೆ" ಕೂಡ ಇದೇ ಎಂದು ಹಲವರು ಕೊಳ್ಳುತ್ತಿದ್ದಾರಲ್ಲ?

ಲ್ಯಾಬ್_ಬೆಂಚು
ಅದು ಬೀಜದ ಎಣ್ಣೆ. ಆಹಾರ. ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಬೀಜ, ಬೀಜದ ಎಣ್ಣೆ, ಹಿಟ್ಟಿಗೆ ಅವಕಾಶ ಕೊಟ್ಟಿತು. ಸಿಬಿಡಿ ಕೆ.ಜಿ.ಗೆ 75 ಮಿ.ಗ್ರಾಂ ದಾಟಬಾರದು ಎಂದು ಅಲ್ಲೇ ಮಿತಿ ಹಾಕಿದೆ. 100 ಮಿ.ಗ್ರಾಂ ಸಿಬಿಡಿ ಬೇಕೆಂದರೆ ಸುಮಾರು 1.3 ಕೆ.ಜಿ. ಎಣ್ಣೆ ಕುಡಿಯಬೇಕು. ಒಗ್ಗರಣೆಗೂ ಬರುವುದಿಲ್ಲ, ಅಷ್ಟು ದುಬಾರಿ.

ಪರೀಕ್ಷೆ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಮಳಿಗೆಯ ಜೀವ ಇರುವುದು ಅಲ್ಲಿಯೇ.

ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಉತ್ಪನ್ನ ತಂದು ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೇಬಲಿನಲ್ಲಿ ಬರೆದಷ್ಟು ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಆದ್ದರಿಂದ ಪ್ರತಿ ಬ್ಯಾಚಿಗೂ ಪರೀಕ್ಷಾ ಪತ್ರ ಬೇಕು, ಕೌಂಟರಿನವರು ಅದನ್ನು ಓದಲು ಕಲಿತಿರಬೇಕು. ಮೊದಲು ಪತ್ರದ ಬ್ಯಾಚ್ ಸಂಖ್ಯೆ, ಬಾಟಲಿಯ ಬ್ಯಾಚ್ ಸಂಖ್ಯೆ ಒಂದೇ ಇದೆಯಾ ನೋಡಿ. ನಗಬೇಡಿ, ಹಳೆಯ ಬ್ಯಾಚಿನ ಪತ್ರವನ್ನೇ ವರ್ಷವಿಡೀ ಲಗತ್ತಿಸುವುದು ಇಲ್ಲಿನ ಮಾಮೂಲಿ ಆಟ. ಎರಡನೆಯದು ವಿಧಾನ. ಎಚ್‌ಪಿಎಲ್‌ಸಿ (ಬಿಸಿ ಮಾಡದೆ ದ್ರವದಲ್ಲೇ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಆಗಿರಬೇಕು. ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಯಂತ್ರದ ಬಿಸಿಗೇ ಆಮ್ಲರೂಪದ ಟಿಎಚ್‌ಸಿಎ ಹೋಗಿ ಟಿಎಚ್‌ಸಿ ಆಗುತ್ತದೆ, ಸ್ಯಾಂಪಲಿನಲ್ಲಿ ಮೊದಲು ಯಾವುದು ಎಷ್ಟಿತ್ತು ಎಂದು ತಿಳಿಯುವುದಿಲ್ಲ. ಒಟ್ಟು ಟಿಎಚ್‌ಸಿ ಲೆಕ್ಕಕ್ಕೆ ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿಸಬೇಕು. ಪತ್ರದಲ್ಲಿ ಒಟ್ಟು ಮಾತ್ರ ಕೊಟ್ಟು ಬಿಡಿ ಅಂಕಿ ಕೊಡದಿದ್ದರೆ ವಾಪಸ್ ಕಳಿಸಿ.

ಮೂರನೆಯದು ಉಳಿಕೆ. ಸಾರ ತೆಗೆದ ದ್ರಾವಕ ಹೆಕ್ಸೇನ್ ಆಗಿದ್ದರೆ 290 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂಬ ಲೆಕ್ಕ) ಒಳಗೆ, ಎಥನಾಲ್ ಆಗಿದ್ದರೆ 5000 ಪಿಪಿಎಂ ಒಳಗೆ ಇರಬೇಕು. ಈ ಗಿಡ ಮಣ್ಣಿನ ಕ್ಯಾಡ್ಮಿಯಂ, ಸೀಸ ಚೆನ್ನಾಗಿ ಹೀರುತ್ತದೆ. ಕೀಟನಾಶಕ ಎಣ್ಣೆಯಲ್ಲಿ ಕರಗುವಂಥದ್ದಾದರೆ ಸಾರ ತೆಗೆಯುವಾಗ ಸಾಂದ್ರವಾಗುತ್ತದೆ, ಎಲೆಯಲ್ಲಿ ಸ್ವಲ್ಪ ಇದ್ದದ್ದು ಬಾಟಲಿಯಲ್ಲಿ ಹಲವು ಪಟ್ಟು. ಕೀಟನಾಶಕದ ಉಳಿಕೆ ಎಂದರೇನು ಎಂದು ಈ ಜಿಲ್ಲೆಯವರಿಗೆ ಪಾಠ ಮಾಡಬೇಕಾಗಿಲ್ಲ.

ಕೊನೆಗೆ ಬೂಸ್ಟು. ಒಣ ಹೂವಿನ ಜಲಚಟುವಟಿಕೆ (ಬೂಸ್ಟಿಗೆ ಸಿಗುವ ತೇವದ ಅಳತೆ) 0.65ರ ಒಳಗೆ ಇರಬೇಕು. ಆಟಿ ತಿಂಗಳಲ್ಲಿ ನಮ್ಮಲ್ಲಿ ಉಪ್ಪಿನ ಭರಣಿಯೇ ನೀರಾಡುತ್ತದೆ, ಹೂ ಯಾವ ಡಬ್ಬಿಯಲ್ಲಿಟ್ಟರೂ ಮುಚ್ಚಳ ತೆಗೆದಾಗಲೆಲ್ಲ ತೇವ ಎಳೆಯುತ್ತದೆ. ಆಸ್ಪರ್ಜಿಲಸ್ ಬೂಸ್ಟು ಬೆಳೆದ ಹೂವನ್ನು ಕೀಮೋ ಆಗಿ ಬಿಳಿ ರಕ್ತಕಣ ಕುಸಿದವರು ಸೇದಿದರೆ ಶ್ವಾಸಕೋಶಕ್ಕೆ ಸೋಂಕು, ಸಾವೂ ಆಗಬಹುದು. ಬೀದಿಯ ಗಾಂಜಾ "ನೈಸರ್ಗಿಕ" ಎಂದು ಕ್ಯಾನ್ಸರ್ ರೋಗಿಗೆ ತಂದುಕೊಡುವ ನೆಂಟರು ಇದನ್ನು ಓದಬೇಕು. ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಕೌಂಟರಿನಲ್ಲಿ ಹೂ ಇಡಲೇಬಾರದು. ಮುಚ್ಚಿದ ಬಾಟಲಿಯ ಎಣ್ಣೆ, ಕ್ಯಾಪ್ಸೂಲ್, ಅಷ್ಟೇ.

ಚೆಕ್‌ಪೋಸ್ಟ್
ಹೂ ಬೇಡ ಎನ್ನುವುದಕ್ಕೆ ಅಬಕಾರಿ ಕಡೆಯಿಂದಲೂ ಒಂದು ಕಾರಣ ಉಂಟು. ಹಿಡಿದ ಹೂವನ್ನು ನೋಡಿ ಇದು ಕೌಂಟರಿನದ್ದು, ಇದು ಬೀದಿಯದ್ದು ಎಂದು ರಸ್ತೆಯಲ್ಲಿ ನಿಂತು ಹೇಳಲು ಆಗುವುದಿಲ್ಲ. ಸೀಲ್ ಇರುವ, ಬ್ಯಾಚ್ ಸಂಖ್ಯೆ ಇರುವ ಬಾಟಲಿಯಾದರೆ ಹೇಳಬಹುದು.

ಗಡಿಯ ವಿಷಯಕ್ಕೆ ಬರುತ್ತೇನೆ. ತಲಪಾಡಿ, ಸಾರಡ್ಕ, ಜಾಲ್ಸೂರು ದಾರಿಯಲ್ಲಿ ದಿನವೂ ರೋಗಿಗಳು ಮಂಗಳೂರಿಗೆ, ಪುತ್ತೂರಿಗೆ ಹೋಗಿ ಬರುತ್ತಾರೆ. ಮಂಗಳೂರಿನಲ್ಲಿ ಬರೆದ ಚೀಟಿ, ಕೇರಳದ ಕೌಂಟರ್. ಅಥವಾ ಅಲ್ಲಿ ಕೊಂಡ ಬಾಟಲಿ, ಇಲ್ಲಿನ ಮನೆ. 2020ರಲ್ಲಿ ಕೊರೊನಾ ಸಮಯ ಗಡಿಗೆ ಮಣ್ಣು ಹಾಕಿದಾಗ ಡಯಾಲಿಸಿಸಿನವರಿಗೇ ದಾರಿ ಸಿಕ್ಕಲಿಲ್ಲ. ಮಾಮೂಲಿ ಮದ್ದಿಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ, ಆದರೆ 10ನೇ ಕಲಮಿನ ನಿಯಮ ಬಂದರೆ ಅಂತರರಾಜ್ಯ ಸಾಗಾಟಕ್ಕೆ ಪರವಾನಗಿ ಬೇಕು ಎಂದೇ ಬರುತ್ತದೆ. ರೋಗಿ ಸ್ವಂತಕ್ಕೆ ಒಯ್ಯುವುದಕ್ಕೆ ಬೇರೆ ಉಪನಿಯಮ ಬರೆಸದಿದ್ದರೆ ತಲಪಾಡಿಯಲ್ಲಿ ಇಳಿಸಿ ಕೂರಿಸುತ್ತಾರೆ. "ಎರಡೂ ರಾಜ್ಯದ ನೋಂದಾಯಿತ ವೈದ್ಯರ ಚೀಟಿ ಮಾನ್ಯ, 30 ದಿನದ ಪ್ರಮಾಣದವರೆಗೆ ರೋಗಿ ಅಥವಾ ಹೆಸರಿಸಿದ ಒಬ್ಬ ಆರೈಕೆದಾರ ಒಯ್ಯಬಹುದು" ಎಂಬ ಸಾಲು ಹಾಕಿಸಿ.

ಕಾರ್ಡಿನಲ್ಲಿ ಕ್ಯೂಆರ್ ಇರಲಿ. ಸ್ಕ್ಯಾನ್ ಮಾಡಿದರೆ ಕಾಣಬೇಕಾದದ್ದು ಮೂರೇ: ಕಾರ್ಡ್ ಚಾಲ್ತಿಯಲ್ಲಿದೆಯಾ, ಎಷ್ಟು ಬಾಟಲಿವರೆಗೆ ಒಯ್ಯಬಹುದು, ಬ್ಯಾಚ್ ಸಂಖ್ಯೆ. ಕಾಯಿಲೆಯ ಹೆಸರು ಕಾಣಬಾರದು. ಪೊಲೀಸರಿಗೆ ಅದು ಬೇಕಾಗಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಮೊದಲೇ ಬೇಡ.

ಅಡಿಕೆತೋಟ
ಎಲ್ಲ ಸರಿ. ಆದರೆ ಮಳಿಗೆ ಎಂದ ಕೂಡಲೇ ಆರು ತಿಂಗಳಲ್ಲಿ ಪಡ್ಡೆ ಹುಡುಗರ ಕೈಗೆ ಹೋಗುತ್ತದೆ. ಹೊರದೇಶದಲ್ಲಿ ಆಗಿಲ್ಲವಾ?

ಕೋರ್ಟುರಸ್ತೆ
ಆಗಿದೆ, ಆಗದೆಯೂ ಇದೆ. ಥಾಯ್ಲೆಂಡಿನಲ್ಲಿ 2022ರ ಜೂನಿನಲ್ಲಿ ಮಾದಕ ಪಟ್ಟಿಯಿಂದ ತೆಗೆದರು, ಅಂಗಡಿ ಎಷ್ಟು, ಚೀಟಿ ಬೇಕಾ ಎಂಬ ಕಾಯ್ದೆ ಸಿದ್ಧ ಇರಲಿಲ್ಲ. ಬೀದಿ ತುಂಬ ಅಂಗಡಿ ಆಯಿತು. 2025ರ ಜೂನಿನಲ್ಲಿ ಹೂವಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು. ಜರ್ಮನಿ 2017ರಲ್ಲಿ ಹೊಸ ಅಂಗಡಿಯನ್ನೇ ತೆರೆಯಲಿಲ್ಲ. ಇದ್ದ ಔಷಧದಂಗಡಿಯಲ್ಲೇ, ವೈದ್ಯರ ಚೀಟಿಗೆ ಮಾತ್ರ ಕೊಟ್ಟಿತು.

ಪಾಲಿಯೇಟಿವ್_ಸಿಸ್ಟರ್
ಜರ್ಮನಿಯವರೆಗೆ ಹೋಗುವುದು ಬೇಡ. ಕೇರಳದಲ್ಲಿ ಮಾರ್ಫಿನ್ ಹೇಗೆ ಹಳ್ಳಿಗೆ ತಲುಪಿತು ನೋಡಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವುಶಮನ ಸೊಸೈಟಿ ಶುರು ಮಾಡಿದರು, 2008ರಲ್ಲಿ ರಾಜ್ಯ ಪಾಲಿಯೇಟಿವ್ (ನೋವುಶಮನ ಆರೈಕೆ) ನೀತಿ ತಂದಿತು, ಪಂಚಾಯತಿಗೆ ಮನೆಮನೆಗೆ ಹೋಗುವ ನರ್ಸ್ ಬಂದರು. ಎನ್‌ಡಿಪಿಎಸ್ ಬಂದ ಮೇಲೆ ಹಲವು ಪರವಾನಗಿಗಳ ಗೋಜಲಿನಲ್ಲಿ ದೇಶದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ, 2015ರ ನಿಯಮ ಬಂದ ಮೇಲೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಮದ್ದುಗಳು "ಅಗತ್ಯ ಮಾದಕ ಔಷಧ" ಆದವು. ರಾಜ್ಯದ ಔಷಧ ನಿಯಂತ್ರಕರಿಂದ ಒಂದೇ ಮಾನ್ಯತೆ, ಮೂರು ವರ್ಷಕ್ಕೆ. ತರಬೇತಿ ಆದ ವೈದ್ಯರು, ಬೀಗದ ಕಪಾಟು, ದಿನದ ಲೆಕ್ಕ, ವರ್ಷದ ಬೇಡಿಕೆಯ ಅಂದಾಜು.

ನಮ್ಮ ಬೇಡಿಕೆ ಇದೇ ಆಗಲಿ: ಹೊಸ ಮಳಿಗೆ ಬೇಡ, ಮಾರ್ಫಿನ್ ಕೊಡುವ ಮಾನ್ಯತೆ ಪಡೆದ ಸಂಸ್ಥೆಗಳ ಕಪಾಟಿನಲ್ಲಿ ಇನ್ನೊಂದು ಖಾನೆ. ಕೌಂಟರಿನ ಹಿಂದೆ ಮನೆಗೆ ಹೋಗಿ ನೋಡುವ ನರ್ಸ್ ಇರುವುದು ಅಲ್ಲಿ ಮಾತ್ರ.

ಒಂದು ಎಚ್ಚರಿಕೆ: ಕ್ಯಾನ್ಸರ್ ನೋವಿಗೆ ಮೊದಲ ಮದ್ದು ಮಾರ್ಫಿನ್ನೇ. ನಾಲ್ಕು ಗಂಟೆಗೊಮ್ಮೆ, ಜೊತೆಗೆ ಮಲಬದ್ಧತೆಗೆ ಬಿಸಕೊಡಿಲ್ ತಪ್ಪದೆ. ನೋವಿಗೆ ಗಾಂಜಾದ ಪುರಾವೆ ಅಷ್ಟು ಬಲವಾಗಿಲ್ಲ, ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 2021ರಲ್ಲಿ ಅದನ್ನು ಅನುಮೋದಿಸಲು ಒಪ್ಪಲಿಲ್ಲ. ಕೀಮೋ ವಾಂತಿ ಬೇರೆ ಮದ್ದಿಗೆ ನಿಲ್ಲದಿದ್ದಾಗ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸ್ನಾಯು ಬಿಗಿತಕ್ಕೆ, ಹಠಮಾರಿ ಫಿಟ್ಸಿಗೆ ಇದರ ಜಾಗ ಉಂಟು. ಕ್ಯಾನ್ಸರ್ ಗಡ್ಡೆಯನ್ನೇ ಕರಗಿಸುತ್ತದೆ ಎಂದು ಮಾರುವವರನ್ನು ಬಾಗಿಲಿಂದಲೇ ಕಳಿಸಿ.

ಫಾರ್ಮಸಿ_ಪೆರ್ಲ
ಸಿಸ್ಟರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಕಪಾಟಿನ ಒಳಗಿನ ಕೆಲಸ ನಾನು ಬರೆಯುತ್ತೇನೆ.

ಎರಡು ಬೀಗ, ಎರಡು ಬೇರೆ ಜನರ ಹತ್ತಿರ ಕೀಲಿಕೈ. ಪುಟ ಸಂಖ್ಯೆ ಹಾಕಿ ಹೊಲಿದ ಪುಸ್ತಕ, ಬಿಡಿ ಹಾಳೆ ಅಲ್ಲ. ಪ್ರತಿ ಸಾಲಿನಲ್ಲಿ ತಾರೀಕು, ಬ್ಯಾಚ್, ಇದ್ದದ್ದು, ಬಂದದ್ದು, ಕೊಟ್ಟದ್ದು, ಉಳಿದದ್ದು, ಇಬ್ಬರ ಸಹಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಬಿಳಿ ಶಾಯಿ ಬಳಿದ ಪುಸ್ತಕ ಪರಿಶೀಲನೆಗೆ ಬಂದವರ ಕೈಗೆ ಸಿಕ್ಕಿದರೆ ಮುಗಿಯಿತು. ವಾರಕ್ಕೊಮ್ಮೆ ಬಾಟಲಿ ಎಣಿಸಿ.

ದ್ರವ ಮದ್ದಿನಲ್ಲಿ ಲೆಕ್ಕ ತಪ್ಪುವುದು ಸುರಿದು ಕೊಡುವಾಗ. ದೊಡ್ಡ ಬಾಟಲಿಯಿಂದ 30 ಮಿ.ಲೀ. ಅಳೆದು ಕೊಟ್ಟರೆ ಎಣ್ಣೆ ಗೋಡೆಗೆ ಅಂಟಿ ಪ್ರತಿ ಸಲ ಸ್ವಲ್ಪ ಕಡಿಮೆ ಬೀಳುತ್ತದೆ, ತಿಂಗಳ ಕೊನೆಗೆ ಪುಸ್ತಕದಲ್ಲಿ ಇದ್ದದ್ದು ಬಾಟಲಿಯಲ್ಲಿ ಇರುವುದಿಲ್ಲ. ನೀವು ಕದ್ದಿರಿ ಎಂದೇ ಅರ್ಥ ಆಗುತ್ತದೆ. ಆದ್ದರಿಂದ ಕಂಪನಿಯಿಂದಲೇ ಸೀಲ್ ಆಗಿ ಬಂದ ಚಿಕ್ಕ ಬಾಟಲಿಯನ್ನು ಇಡಿಯಾಗಿ ಕೊಡುವುದು. ಮಕ್ಕಳು ತೆಗೆಯಲಾಗದ ಮುಚ್ಚಳ ಇರಬೇಕು.

ಹನಿ ಹಾಕುವ ನಳಿಗೆ ಬೇಡ. ಹನಿಯ ಗಾತ್ರ ಎಣ್ಣೆಯ ದಪ್ಪ, ಬಿಸಿ, ಹಿಡಿದ ಓರೆ ಎಲ್ಲದರ ಮೇಲೂ ಹೋಗುತ್ತದೆ. 0.01 ಮಿ.ಲೀ. ಗೆರೆ ಇರುವ 1 ಮಿ.ಲೀ. ಬಾಯಿ ಸಿರಿಂಜ್ ಕೊಟ್ಟು, ಯಾವ ಗೆರೆವರೆಗೆ ಎಳೆಯಬೇಕೋ ಅಲ್ಲಿ ಬಣ್ಣದ ಟೇಪ್ ಸುತ್ತಿ. ಅಳತೆ ಬದಲಾದ ದಿನ ಹಳೆಯ ಸಿರಿಂಜ್ ವಾಪಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಮನೆಯಲ್ಲಿ ಎರಡು ಟೇಪಿನ ಎರಡು ಸಿರಿಂಜ್ ಇರುತ್ತದೆ, ಅಜ್ಜಿ ಯಾವುದನ್ನು ಎತ್ತುತ್ತಾರೋ ದೇವರೇ ಬಲ್ಲ. ಅಳತೆಯ ಚೀಟಿ ಕನ್ನಡದಲ್ಲಿಯೂ ಇರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಿ ಮಲಯಾಳಂ ಚೀಟಿ ಮಾತ್ರ ಕೊಟ್ಟರೆ ಮಿ.ಲೀ., ಮಿ.ಗ್ರಾಂ ಅದಲು ಬದಲು ಆಗುವುದು ಗ್ಯಾರಂಟಿ.

ಟಿಎಚ್‌ಸಿ ಇರುವ ಮದ್ದಾದರೆ ಹಿರಿಯರಿಗೆ ರಾತ್ರಿ 1 ಮಿ.ಗ್ರಾಂ, ಉಳಿದವರಿಗೆ 2.5 ಮಿ.ಗ್ರಾಂ, ಅಲ್ಲಿಂದ ಶುರು. ಹೊಟ್ಟೆಗೆ ತೆಗೆದುಕೊಂಡದ್ದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಕೆಲವರಿಗೆ ಇನ್ನೂ ತಡ. ಒಂದು ಗಂಟೆ ಕಾದು "ಏನೂ ಆಗಲಿಲ್ಲ" ಎಂದು ಇನ್ನೊಂದು ಅಳತೆ ಕುಡಿದರೆ ಎರಡೂ ಒಟ್ಟಿಗೆ ಏರುತ್ತವೆ: ಎದೆ ಡವಡವ, ತಲೆ ತಿರುಗಿ ಬೀಳುವುದು, ಭಯ. ಮನೋವಿಕಾರದ ಇತಿಹಾಸ, ಹತೋಟಿಗೆ ಬರದ ಹೃದಯರೋಗ, ಗರ್ಭಿಣಿ, ಇವರಿಗೆ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ) ಏರಬಹುದು, ಮೂತ್ರಪಿಂಡ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಎಂಬ ಮದ್ದಿನ ಮಟ್ಟ ಸಿಬಿಡಿಯಿಂದ ಏರುತ್ತದೆ. ಮದ್ದು ಕುಡಿದ ಮೇಲೆ ಬೈಕ್ ಬೇಡ, ಅಡಿಕೆ ಮರ ಹತ್ತುವುದು ಬೇಡ, ಹುಲ್ಲು ಹೊಡೆಯುವ ಯಂತ್ರವೂ ಬೇಡ.

ವೈದ್ಯಶಾಲೆ_ಮುಳ್ಳೇರಿಯ
ಅಳತೆಯ ಮಾತು ಒಪ್ಪಬೇಕಾದ್ದೇ. ಹಾಗಾದರೆ ವಿಜಯಾ ಸಾರಕ್ಕೂ ಲೇಬಲಿನಲ್ಲಿ ಸಿಬಿಡಿ, ಟಿಎಚ್‌ಸಿ ಎರಡನ್ನೂ ಮಿ.ಲೀ. ಲೆಕ್ಕದಲ್ಲಿ ಬರೆಯಬೇಕು ಎಂಬುದನ್ನೂ ಮನವಿಗೆ ಸೇರಿಸಿ. ಆಯುರ್ವೇದ ವೈದ್ಯರ ಚೀಟಿಯೂ ಅದೇ ಪುಸ್ತಕದಲ್ಲಿ ದಾಖಲಾಗಲಿ, ನರರೋಗ ತಜ್ಞರಿಗೆ ಕಾಣುವ ಹಾಗೆ. ಚೂರ್ಣ, ಲೇಹ್ಯಗಳನ್ನು ಮಾತ್ರ ಇದಕ್ಕೆ ಎಳೆಯಬೇಡಿ.

ಗಡಿನಾಡ_ಕನ್ನಡಿಗ
ಸೇರಿಸುತ್ತೇನೆ ವೈದ್ಯರೇ. ಅಲ್ಲಿಯವರೆಗೆ ಎಪಿಡಿಯೊಲೆಕ್ಸ್ ಬೇಕಾದ ಮನೆಯವರಿಗೆ ದಾರಿ?

ಕೋರ್ಟುರಸ್ತೆ
ಸ್ವಂತ ಬಳಕೆಗೆ ಹೊರದೇಶದ ಔಷಧ ತರಿಸಲು ನಮೂನೆ 12ಎ ಅರ್ಜಿ, 12ಬಿ ಅನುಮತಿ. ವೈದ್ಯರ ಚೀಟಿ, ಪ್ರಮಾಣ, ಕಾಯಿಲೆಯ ದಾಖಲೆ ಲಗತ್ತಿಸಬೇಕು. ಗಾಂಜಾ ಮೂಲದ್ದಾದ್ದರಿಂದ ಗ್ವಾಲಿಯರಿನ ಕೇಂದ್ರ ಮಾದಕವಸ್ತು ಬ್ಯೂರೋಗೂ ಮೊದಲೇ ಬರೆದು ಲಿಖಿತ ಉತ್ತರ ಇಟ್ಟುಕೊಳ್ಳಿ. ಅದಿಲ್ಲದೆ ತರಿಸಿದರೆ ಕಸ್ಟಮ್ಸಿನಲ್ಲಿ ಪಾರ್ಸೆಲ್ ನಿಲ್ಲುತ್ತದೆ, ಮಗುವಿನ ಮದ್ದು ಅರ್ಧಕ್ಕೆ ನಿಂತರೆ ಫಿಟ್ಸ್ ಹೆಚ್ಚಾಗುತ್ತದೆ. ಗಲ್ಫಿನಿಂದ ಬರುವವರ ಬ್ಯಾಗಿನಲ್ಲಿ ಹಾಕಿಸಿಕೊಳ್ಳುವ ಯೋಚನೆ ಮಾತ್ರ ಬೇಡ, ಅಲ್ಲಿನ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಾರು.

ಅಡಿಕೆತೋಟ
ರೋಗಿ ತೀರಿಹೋದರೆ ಉಳಿದ ಬಾಟಲಿ? ಅಲ್ಲಿಂದಲೇ ಸೋರುವುದು.

ಪಾಲಿಯೇಟಿವ್_ಸಿಸ್ಟರ್
ಸರಿಯಾದ ಪ್ರಶ್ನೆ. ಮಾರ್ಫಿನ್ನಿಗೂ ಇದೇ ತಲೆಬಿಸಿ. ಮನೆಗೆ ಹೋಗುವ ನರ್ಸ್ ಉಳಿದದ್ದನ್ನು ಎಣಿಸಿ ತರಬೇಕು, ಮನೆಯವರ ಸಹಿ, ಪುಸ್ತಕದಲ್ಲಿ "ವಾಪಸ್" ಎಂದು ಬೇರೆ ಕಾಲಂ. ತೆರೆದ ಬಾಟಲಿಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಪಾಪ ಬಡವರು ಎಂದು ಕೂಡ. ಅಳೆದು, ಇಬ್ಬರು ಸಾಕ್ಷಿಗಳ ಎದುರು ನಾಶ ಮಾಡಿ ಬರೆದಿಡಬೇಕು. ಸಿಂಕಿಗೆ ಸುರಿಯಬಾರದು.

ಚೆಕ್‌ಪೋಸ್ಟ್
ಅಬಕಾರಿಗೆ ತಿಂಗಳಿಗೊಮ್ಮೆ ಒಟ್ಟು ಲೆಕ್ಕ ಹೋಗಲಿ, ಬಂದದ್ದು, ಕೊಟ್ಟದ್ದು, ನಾಶ ಮಾಡಿದ್ದು. ರೋಗಿಗಳ ಹೆಸರಿನ ಪಟ್ಟಿ ಕಳಿಸಬೇಡಿ. ಪಟ್ಟಿ ಹೋಗುತ್ತದೆ ಎಂದು ಗೊತ್ತಾದರೆ ಅರ್ಧ ಜನ ಕಾರ್ಡ್ ಮಾಡಿಸುವುದೇ ಇಲ್ಲ, ಮತ್ತೆ ಬೀದಿಯದ್ದನ್ನೇ ಕೊಳ್ಳುತ್ತಾರೆ.

ಲ್ಯಾಬ್_ಬೆಂಚು
ಒಂದು ಬಿಟ್ಟುಹೋಯಿತು. ಸ್ಯಾಂಪಲ್ ಯಾರು ತೆಗೆಯುವುದು? ಕಂಪನಿಯೇ ತೆಗೆದು ತನಗೆ ಬೇಕಾದ ಲ್ಯಾಬಿಗೆ ಕಳಿಸಿದರೆ ಬೇಕಾದ ಅಂಕಿ ಬರುತ್ತದೆ, ಅಮೆರಿಕದ ರಾಜ್ಯಗಳಲ್ಲಿ ಆದದ್ದು ಅದೇ. ಔಷಧ ಇಲಾಖೆಯವರು ಕೌಂಟರಿನ ಕಪಾಟಿನಿಂದ, ಹೇಳದೆ ಬಂದು, ಎತ್ತಬೇಕು. ಒಂದು ಬಾಟಲಿ ಲ್ಯಾಬಿಗೆ, ಒಂದು ಸೀಲ್ ಮಾಡಿ ಅಲ್ಲಿಯೇ.

ಅಡಿಕೆತೋಟ
ಖರ್ಚು ಯಾರದ್ದು? ಕೊನೆಗೆ ರೋಗಿಯ ಬಿಲ್ಲಿಗೇ ಬೀಳುವುದಲ್ಲ?

ಫಾರ್ಮಸಿ_ಪೆರ್ಲ
ಪ್ರತಿ ಚಿಕ್ಕ ಆಸ್ಪತ್ರೆ ಬೇರೆ ಬೇರೆ ಕೊಂಡರೆ ಬೀಳುತ್ತದೆ. ಬ್ಯಾಚ್ ಚಿಕ್ಕದಾದಷ್ಟೂ ಬಾಟಲಿಗೆ ಬೀಳುವ ಪರೀಕ್ಷೆಯ ಖರ್ಚು ದೊಡ್ಡದು. ಸರ್ಕಾರಿ ಆಸ್ಪತ್ರೆಗಳಿಗೆ ಮದ್ದು ಕೊಳ್ಳುವ ಕೇರಳ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್ ಇಡೀ ರಾಜ್ಯಕ್ಕೆ ಒಂದೇ ಟೆಂಡರಿನಲ್ಲಿ ಕೊಂಡರೆ ಪರೀಕ್ಷೆಯ ದರ ಟೆಂಡರಿನಲ್ಲೇ ಸೇರುತ್ತದೆ, ಕಾರುಣ್ಯ ಫಾರ್ಮಸಿಗಳೂ ಅದರದ್ದೇ. ಕರಡಿನಲ್ಲಿ ಖರೀದಿ ಕಾರ್ಪೊರೇಷನ್ನಿಂದ, ವಿತರಣೆ ಮಾರ್ಫಿನ್ ಮಾನ್ಯತೆ ಇರುವ ಆಸ್ಪತ್ರೆಗಳಿಂದ ಎಂದು ಬರೆಯಿರಿ. ಬೇಡಿಕೆಯ ಅಂದಾಜು ಕೊಡಬೇಕಾದ್ದರಿಂದ ಮೊದಲು ಎರಡು ಮೂರು ಮದ್ದಿಗೆ ನಿಲ್ಲದ ಫಿಟ್ಸ್ ಇರುವವರ ಸಂಖ್ಯೆಯನ್ನು ಪಂಚಾಯತ್ ಪಾಲಿಯೇಟಿವ್ ಪುಸ್ತಕಗಳಿಂದ ತೆಗೆಸಿ, ಹೆಸರಿಲ್ಲದೆ, ತೂಕ ಮತ್ತು ಈಗಿನ ಮದ್ದಿನ ಸಮೇತ. ತೂಕ ಇಲ್ಲದಿದ್ದರೆ ಎಷ್ಟು ಲೀಟರ್ ಬೇಕು ಎಂದು ಲೆಕ್ಕ ಹಾಕಲು ಬರುವುದಿಲ್ಲ.

ಗಡಿನಾಡ_ಕನ್ನಡಿಗ
ಕರಡಿನ ಮೊದಲ ವಾಕ್ಯ ಹೊಡೆದು ಹಾಕಿದ್ದೇನೆ. ಕೇಂದ್ರಕ್ಕೆ ಒಂದು, ರಾಜ್ಯಕ್ಕೆ ಒಂದು, ಎರಡು ಪ್ರತಿ ಬೇರೆ ಬೇರೆ ಬರೆದು ಇಲ್ಲಿ ಹಾಕುತ್ತೇನೆ. ಕೋರ್ಟುರಸ್ತೆ ವಕೀಲರೇ, 30 ದಿನದ ಉಪನಿಯಮದ ಸಾಲನ್ನು ನೀವೇ ತಿದ್ದಿಕೊಡಿ. ಸಿಸ್ಟರ್, ತೂಕದ ಪಟ್ಟಿಗೆ ನಮೂನೆ ಒಂದು ಬೇಕು.